ಒಂದಕ್ಷರದ ಸಾಹೇಬರು

ಆಫೀಸಿಗೆ ಬಂದ ಕೂಡಲೇ ಎಲ್ಲರೂ ಕೆಲಸಕ್ಕೆ ಕೂತರೆ, ಒಂದಕ್ಷರದ ಸಾಹೇಬರು ಕೆಲಸ ಸುಲಭವಾಗುವ ಏರ್ಪಾಡಿಗೆ ಕೂರುತ್ತಾರೆ. ಅವರ ಕಂಪ್ಯೂಟರಿನಲ್ಲಿ, ಆಜ್ಞೆಗಳನ್ನು ಟೈಪು ಮಾಡುವ ಟರ್ಮಿನಲ್ಲೆಂಬ ಕಪ್ಪು ಪರದೆ ತೆರೆದಾಗಲೆಲ್ಲ ಕಂಪ್ಯೂಟರು ಮೊದಲು ಓದಿಕೊಳ್ಳುವ, ಅವರೇ ಸೂಚನೆ ಬರೆದಿಟ್ಟ ಒಂದು ಫೈಲಿದೆ. ಅದರ ಸಿಂಗಾರ ಇವತ್ತಿಗೂ ಮುಗಿದಿಲ್ಲ. ಅವರ ಪರದೆ ನಮಸ್ಕಾರ ಹೇಳುತ್ತದೆ, ಸೆಖೆಯೋ ಚಳಿಯೋ ತಿಳಿಸುತ್ತದೆ, ತಪ್ಪು ಒತ್ತಿದರೆ ಕೆಂಪಗೆ ಕಣ್ಣು ಬಿಡುತ್ತದೆ. ಬೇರೆಯವರು ಮಾರುದ್ದ ಟೈಪು ಮಾಡುವ ಆಜ್ಞೆಗೆ ಅವರಲ್ಲಿ ಒಂದೇ ಅಕ್ಷರ, ಅದೂ ತಲೆಬುಡವಿಲ್ಲದ್ದು. "ಪ್ರಿಂಟಿಗೆ ಪಿ ಇಡೋದು ಬಿಟ್ಟು ಝಡ್ ಯಾಕೆ ಸಾರ್?" ಎಂದು ಪಕ್ಕದ ಮೇಜಿನಾಕೆ ರೇಗಿದರೆ, "ನೆನಪಿಟ್ಕೊಂಡ್ರೆ ಬುದ್ಧಿ ಚುರುಕಾಗುತ್ತಮ್ಮ" ಎನ್ನುತ್ತಾರೆ. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು, ಎಡಗೈಯಿಂದ ಒಂದಕ್ಷರ ಕುಟ್ಟಿ, ದೊರೆಯ ಹಾಗೆ ಹಿಂದಕ್ಕೊರಗುತ್ತಾರೆ. "ಏನ್ ಗತ್ತು ಸಾರ್ ನಿಮ್ದು!" ಎಂದರೆ, "ಹತ್ತು ಬೆರಳಿದೆ ಅಂತ ಹತ್ತನ್ನೂ ದುಡಿಸ್ಬೇಕೇನಮ್ಮಾ?" ಎಂದು ನಗುತ್ತಾರೆ. ಅವರು ರಜೆಯಲ್ಲಿದ್ದ ದಿನ ಆಕೆಯೇ ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡಬೇಕಾಗಿ ಬಂತು. ಹಾಳಾದ ಅಕ್ಷರಗಳನ್ನು ಆ ಫೈಲಿನಲ್ಲಿ ಒಂದೊಂದಾಗಿ ಹುಡುಕಿ ಒತ್ತುತ್ತ, ಬೈಯುತ್ತ, ಅರ್ಧ ಕೆಲಸ ಮುಗಿಸುವಷ್ಟರಲ್ಲಿ ಆಕೆ ಗಕ್ಕನೆ ನಿಂತಳು. ತನ್ನ ಬಲಗೈ ಆಗಿನಿಂದ ಮಡಿಲಲ್ಲೇ ಬಿದ್ದಿತ್ತು. ಅವರು ಆರಿಸಿಕೊಂಡ ಅಕ್ಷರಗಳೆಲ್ಲ ಕೀಬೋರ್ಡಿನ ಎಡಗಡೆಯವು. ಬಲಗಡೆಯದು ಒಂದೂ ಇಲ್ಲ. ಸಾಹೇಬರು ಆ ಕೈಯನ್ನು ಜೇಬಿನಿಂದ ಹೊರಗೆ ತೆಗೆದದ್ದನ್ನು ಈಚೆಗೆ ಎಂದಾದರೂ ನೋಡಿದ್ದೇನೆಯೇ ಎಂದು ಎಷ್ಟು ಯೋಚಿಸಿದರೂ ಆಕೆಗೆ ನೆನಪಾಗಲಿಲ್ಲ. ಮರುದಿನ ಅವರು ಜೇಬಿನಲ್ಲಿ ಕೈಯಿಟ್ಟುಕೊಂಡೇ ಬಂದು ಕೂತು, "ಏನಮ್ಮ, ಇವತ್ತು ಬೈಗುಳ ಇಲ್ವಾ?" ಎಂದರು. ಆಕೆ ಅವರ ಕಾಫಿ ಲೋಟವನ್ನು ಮೇಜಿನ ಎಡಗಡೆಗೆ ಸರಿಸಿಟ್ಟು, "ಪ್ರಿಂಟಿಗೆ ಝಡ್ಡೇ ಸರಿ ಸಾರ್" ಎಂದಳು.