ಪಕ್ಕದ ಮನೆಯಲ್ಲಿದ್ದ ಕೀ

ಚಾಮರಾಜಪೇಟೆಯ ನಮ್ಮ ವಠಾರದ ಮೇಷ್ಟ್ರು ಬಾಯಿ ತೆರೆಯುವ ಮುಂಚೆ ಕಿಟಕಿಯ ಕಡೆ ಒಮ್ಮೆ ನೋಡಿ, "ಇದು ನಮ್‌ನಮ್ಮಲ್ಲೇ ಇರ್ಲಿ" ಎನ್ನುತ್ತಿದ್ದರು. ಬದನೆಕಾಯಿ ಅಗ್ಗವಾದ ಸುದ್ದಿಗೂ ಅದೇ ಪೀಠಿಕೆ.

ಮಗಳ ಜಾತಕವನ್ನು ಗಂಡಿನ ಕಡೆಯವರಿಗೆ ಗುಟ್ಟಾಗಿ ಕಳಿಸಬೇಕೆಂದು, ಎನ್‌ಕ್ರಿಪ್ಟ್ ಮಾಡಿದ, ಅಂದರೆ ಬೇರೆ ಯಾರೂ ಓದಲಾಗದಂತೆ ಬೀಗ ಹಾಕಿದ ಈಮೇಲ್ ಕಳಿಸುವುದನ್ನು ನನ್ನಿಂದ ಕಲಿತರು. ಕೀ ಎರಡಿರುತ್ತವೆ, ಬೀಗ ಹಾಕುವುದನ್ನು ಊರಿಗೆಲ್ಲ ಕೊಡಬಹುದು, ತೆರೆಯುವುದನ್ನು ಮಾತ್ರ ಯಾರಿಗೂ ಕೊಡಬಾರದು ಎಂದೆ. "ಅಷ್ಟೂ ಗೊತ್ತಾಗಲ್ವೇನಪ್ಪಾ ನಂಗೆ?" ಎಂದು ಕನ್ನಡಕ ಏರಿಸಿದರು.

ವಾರದ ಮೇಲೆ ಗಂಡಿನ ಕಡೆಯಿಂದ ಹಾಗೇ ಬೀಗ ಹಾಕಿದ ಉತ್ತರ ಬಂತು. ತೆರೆಯುವ ಕೀ ಎಲ್ಲಿ ಎಂದು ಕೇಳಿದೆ.

"ಪೆನ್‌ಡ್ರೈವ್‌ಗೆ ಹಾಕಿ ಪಕ್ಕದ್ಮನೆಯವ್ರ ಹತ್ರ ಕೊಟ್ಟಿದೀನಿ. ಮೂವತ್ತು ವರ್ಷದಿಂದ ನಮ್ ಮನೆ ಕೀ ಅಲ್ಲೇ ತಾನೇ ಇರೋದು?"

ಸರಿ, ಪಕ್ಕದ ಮನೆಗೇ ಹೋಗಿ, ಅವರ ಕಂಪ್ಯೂಟರಿನಲ್ಲೇ ಈಮೇಲ್ ತೆರೆದೆವು. ಅವಸರದಲ್ಲಿ ಮೇಷ್ಟ್ರು ಕನ್ನಡಕ ಮರೆತು ಬಂದಿದ್ದರು. ಆ ಮನೆಯಾಕೆಯೇ ಓದಿ, "ಹುಡುಗ ಒಪ್ಪಿದಾನಂತೆ ಮೇಷ್ಟ್ರೇ!" ಎಂದು ಬೀದಿಗೆ ಕೇಳುವಂತೆ ಕೂಗಿದರು.

ಮೇಷ್ಟ್ರು ಕಿಟಕಿಯ ಕಡೆ ನೋಡಿ, "ಇದು ನಮ್‌ನಮ್ಮಲ್ಲೇ ಇರ್ಲಿ" ಎಂದರು.

ಕಿಟಕಿಯಾಚೆ ಹೂವಿನವಳು ಮಲ್ಲಿಗೆ ಮೊಳ ಹಾಕುತ್ತ ನಿಂತಿದ್ದಳು.

"ನಾನ್ಯಾರ್ಗೂ ಹೇಳಲ್ಲ ಸ್ವಾಮಿ," ಎಂದಳು. "ಮದ್ವೆ ಹೂವು ಮಾತ್ರ ನಮ್ಮತ್ರಾನೇ ತಗೊಳ್ಳಿ."