ಬಾಯಿ ಮುಚ್ಚಿ ಗೆದ್ದ ಪ್ರಾಂಪ್ಟರ್ ಕಸ್ತೂರೆಮ್ಮ

ಬೆಳಗಿನ ಐದು ಗಂಟೆ. ಗಂಗಾವತಿ ಬಸ್ ನಿಲ್ದಾಣದ ಹಿಂದಿನ ಲಾಡ್ಜಿನ ಎರಡನೇ ಮಹಡಿಯಲ್ಲಿ ಕಸ್ತೂರೆಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ತಗಡಿನ ಪೆಟ್ಟಿಗೆ ತುಂಬುತ್ತಿದ್ದಾರೆ. ಎಲ್ಲಕ್ಕಿಂತ ಕೆಳಗೆ ಮಡಚಿದ ಖಾಲಿ ಚೀಲ. ಅದರ ಮೇಲೆ ಕುಂಕುಮದ ಡಬ್ಬಿ, ಕನ್ನಡಿ, ಪಿನ್ನಿನ ಗೊಂಚಲು, ರಿಬ್ಬನ್ನಿನ ಸುರುಳಿ, ಲಂಗದ ಲಾಡಿ. ಒಟ್ಟು ಇಪ್ಪತ್ತಾರು ಸಾಮಾನು. ಒಂದೊಂದನ್ನು ಇಡುವಾಗಲೂ ತುಟಿ ಅಲ್ಲಾಡುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ಕೊನೆಗೆ ಎಲ್ಲದರ ಮೇಲೆ ಒಂದು ಬಾಚಣಿಕೆ ಇಟ್ಟು ಮುಚ್ಚಳ ಹಾಕುತ್ತಾರೆ.

"ಯಾರೂ ಮುಟ್ಟಬ್ಯಾಡ್ರಿ ಮತ್ತ! ಒಂದು ಪಿನ್ನು ಆಚೀಚೆ ಸರದ್ರೂ ದೊಡ್ಡಬಸಪ್ಪಣ್ಣಾರ ಮಾತು ಸರೀತೈತಿ" ಎಂದು ಸಿನಿಮಾದ ಲೈಟಿನ ಹುಡುಗರ ಮೇಲೆ ಗುಡುಗುತ್ತಾರೆ. ಆರಡಿ ಎತ್ತರದ ಆ ಗಟ್ಟಿ ಆಳುಗಳು ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಡುತ್ತಾರೆ.

ಇಲ್ಲಿ ಸಿನಿಮಾ ನಡೆದಿದೆ ಎಂದು ತಿಳಿದು ಹೀರೋಯಿನ್ ನೋಡಲು ಓಡಿಬಂದವರಿಗೆ ಪಾಪ, ಭಾರೀ ನಿರಾಸೆ. ಹೊಡೆದಾಟ ಇಲ್ಲ, ಹಾಡಿಲ್ಲ, ಕುಣಿತವಂತೂ ಇಲ್ಲವೇ ಇಲ್ಲ. ಊರೂರು ತಿರುಗಿ ಸಾಮಾನು ಮಾರುವ ಮೂವರು ವ್ಯಾಪಾರಿಗಳು ಲಾಡ್ಜಿನ ಒಂದೇ ಕೋಣೆಯಲ್ಲಿ ಮೂರು ಮಂಚ ಹಾಕಿಸಿಕೊಂಡು ಉಳಿದು ಮಾತಿಗೆ ಕೂರುತ್ತಾರೆ, ಅಷ್ಟೇ. ಮಾತು, ಮಾತು, ಮೇಲೆ ಇನ್ನಷ್ಟು ಮಾತು. 'ಒಂದು ಕೋಲಿ ಮೂರು ಕಾಟು' ಎಂಬ ಈ ನಾಟಕ ಇಪ್ಪತ್ತೆರಡು ವರ್ಷಗಳಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಊರುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಸಲ ನಡೆದಿದೆ. ಚಿಕ್ಕಂದಿನಲ್ಲಿ ಅದನ್ನು ಕಂಬಳಿ ಮೇಲೆ ಕೂತು ನೋಡಿದ್ದ ಕೊಪ್ಪಳದ ಶಾಂಭವಿ ಈಗ ಅದನ್ನೇ ತಮ್ಮ ಮೊದಲ ಸಿನಿಮಾ ಮಾಡುತ್ತಿದ್ದಾರೆ.

ಆ ಮುನ್ನೂರೂ ಪ್ರಯೋಗಗಳಲ್ಲಿ ಎಡಗಡೆಯ ಪರದೆಯ ಮರೆಯಲ್ಲಿ ಪುಸ್ತಕದ ಮೇಲೆ ಕಣ್ಣಿಟ್ಟು ಕೂತು, ಮರೆತ ನಟರಿಗೆ ಮಾತು ಹೇಳಿಕೊಟ್ಟವರು ಕಸ್ತೂರೆಮ್ಮ. ಹವ್ಯಾಸಿ ನಾಟಕವೆಂದರೆ ಗೊತ್ತಲ್ಲ, ಹಗಲೆಲ್ಲ ದುಡಿದು ಬಂದವರ ತಲೆಯಲ್ಲಿ ಪುಟಗಟ್ಟಲೆ ಮಾತು ಎಲ್ಲಿ ನಿಲ್ಲಬೇಕು? ಪ್ರಾಂಪ್ಟರ್ ಮೊದಲ ಎರಡು ಪದ ಪಿಸುಗುಟ್ಟಿದರೆ ಸಾಕು, ಉಳಿದದ್ದು ನಟನ ಬಾಯಿಂದ ತಾನೇ ಉರುಳಿ ಬರುತ್ತದೆ. ಹ್ಯಾಂಡ್‌ಬಿಲ್ಲಿನಲ್ಲಿ ಮೈಕ್‌ಸೆಟ್ಟಿನವರ ಹೆಸರಿರುತ್ತದೆ, ಶಾಮಿಯಾನದವರ ಹೆಸರಿರುತ್ತದೆ. ಕಸ್ತೂರೆಮ್ಮನ ಹೆಸರು ಒಂದು ಸಲವೂ ಅಚ್ಚಾಗಿಲ್ಲ.

"ಅದರಾಗೇನೈತ್ರಿ. ನನ್ನ ದನಿ ಮಂದಿಗೆ ಕೇಳಸ್ತು ಅಂದ್ರ ಅವತ್ತ ನಾ ಸೋತಂಗ" ಎನ್ನುತ್ತಾರೆ. ಬೇಸರವೇನೂ ಇಲ್ಲ, ಮೂಗಿನ ತುದಿಯಲ್ಲಿ ಒಂಚೂರು ಗರ್ವ ಬೇಕಾದರೆ ಕಾಣುತ್ತದೆ.

ಅಳವಂಡಿಯ ಈ ಐವತ್ತಾರರ ಹೆಣ್ಣುಮಗಳು ಕಲಿತದ್ದು ಏಳನೇ ಇಯತ್ತೆ. ತಾಯಿ ಪಕ್ಕೀರವ್ವ ಬಾಚಣಿಕೆ, ಪಿನ್ನು, ರಿಬ್ಬನ್ ತುಂಬಿದ ಬುಟ್ಟಿ ಹೊತ್ತು ಹಳ್ಳಿ ಹಳ್ಳಿ ಮಾರುತ್ತಿದ್ದರು. ಮಗಳೂ ಹಿಂದೆ ನಡೆದೇ ದೊಡ್ಡವಳಾದಳು. ಮದುವೆಯಾಗಿ ಐದು ವರ್ಷಕ್ಕೆ ಗಂಡ ತೀರಿಕೊಂಡ. ಮುಂದೆ ಕೊಪ್ಪಳದ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತು, ಈಗಲೂ ಅದೇ ಕೆಲಸ. ದಿನಾ ನೂರಾನಲವತ್ತು ಮಕ್ಕಳ ಅನ್ನ ಸಾರು. ಅದೇ ಶಾಲೆಯ ದೊಡ್ಡ ಹಾಲ್‌ನಲ್ಲಿ ಸಂಜೆ ನಾಟಕದ ತಾಲೀಮು ನಡೆಯುತ್ತಿತ್ತು. ಒಂದು ದಿನ ಮುಖ್ಯ ನಟ ಮಾತು ಮರೆತು ತಬ್ಬಿಬ್ಬಾಗಿ ನಿಂತಾಗ, ಹೊರಗೆ ಪಾತ್ರೆ ತಿಕ್ಕುತ್ತಿದ್ದ ಈಕೆ ಕಿಟಕಿಯಿಂದಲೇ ಮುಂದಿನ ಸಾಲು ಒದರಿಬಿಟ್ಟರು. ತಾಲೀಮು ಕೇಳಿ ಕೇಳಿಯೇ ನಾಟಕ ಬಾಯಿಪಾಠವಾಗಿತ್ತು! ಮರುದಿನದಿಂದ ಪುಸ್ತಕ ಇವರ ಕೈಗೆ ಬಂತು. ದಪ್ಪ ಅಕ್ಷರದಲ್ಲಿ ತಾವೇ ನಕಲು ಮಾಡಿಕೊಂಡ ಎಂಬತ್ತೆಂಟು ಪುಟ. ಇದುವರೆಗೆ ಮೂರು ಪ್ರತಿ ಹರಿದಿವೆ.

ಅಂದು ಮಾತು ಮರೆತ ನಟನೇ ದೊಡ್ಡಬಸಪ್ಪ. ಮುನಿರಾಬಾದಿನ ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಅರವತ್ತಮೂರರ ಹಿರಿಯ. ನಾಟಕದಲ್ಲೂ ಸಿನಿಮಾದಲ್ಲೂ ಮುದಿ ವ್ಯಾಪಾರಿಯ ಪಾತ್ರ ಅವರದೇ. ಎದೆ ತುಂಬಿ ಮಾತಾಡುತ್ತಾರೆ, ಆದರೆ ಕಸ್ತೂರೆಮ್ಮ ಹೇಳಿಕೊಡದೆ ನಾಲ್ಕು ಸಾಲು ದಾಟುವುದಿಲ್ಲ. ಕೊನೆಯಲ್ಲಿ ಈ ವ್ಯಾಪಾರಿ ತನ್ನ ಪೆಟ್ಟಿಗೆ ತೆರೆದು ಹನ್ನೊಂದು ನಿಮಿಷ ಒಂದೇ ಸಮನೆ ತನ್ನ ಬದುಕು ಹೇಳಿಕೊಳ್ಳುತ್ತಾನೆ. ನಾಟಕದ ಜೀವವೇ ಆ ಮಾತು. ಅದನ್ನು ಎಲ್ಲೂ ತುಂಡರಿಸದೆ ಒಂದೇ ಶಾಟಿನಲ್ಲಿ ತೆಗೆಯಬೇಕು, ದನಿಯೂ ಅಲ್ಲೇ ಹಿಡಿದದ್ದಿರಬೇಕು ಎಂಬುದು ಶಾಂಭವಿಯವರ ಹಟ.

ಶೂಟಿಂಗಿನ ಮೊದಲ ದಿನವೇ ಎಡವಟ್ಟು. "ಆಕ್ಷನ್" ಎಂದ ಕೂಡಲೇ ಕಸ್ತೂರೆಮ್ಮ ಬಾಗಿಲ ಮರೆಯಿಂದ ಅಭ್ಯಾಸದಂತೆ ಪಿಸುಗುಟ್ಟಿದರು. ಸ್ಟೇಜಿನ ಪಿಸುಮಾತೆಂದರೆ ಹಾರ್ಮೋನಿಯಂ ದಾಟಿ ನಟನ ಕಿವಿ ಮುಟ್ಟುವಂಥದ್ದು. ದನಿ ಹಿಡಿಯುವ ರವಿಕುಮಾರ ಕಿವಿಯ ಹೆಡ್‌ಫೋನ್ ಕಿತ್ತು, "ಮೇಡಂ, ಇದರಾಗ ಹೀರೋನ ಮಾತಿಗಿಂತ ಅಮ್ಮಾರ ಮಾತ ಜೋರ್ ಕೇಳಾಕತ್ತೈತ್ರಿ!" ಎಂದ. ಇಡೀ ಲಾಡ್ಜು ನಕ್ಕಿತು. ಕಸ್ತೂರೆಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರ ದನಿ ಮಂದಿಗೆ ಕೇಳಿಸಿತ್ತು.

ಉಪಾಯಗಳಿಗೇನು ಬರವೇ? ದೊಡ್ಡಬಸಪ್ಪನವರ ಕಿವಿಯೊಳಗೆ ಕಡಲೆಕಾಳಿನಷ್ಟು ಚಿಕ್ಕ ಯಂತ್ರ ಇಟ್ಟು, ಕೆಳಗಿನ ಮಹಡಿಯಿಂದ ಕಸ್ತೂರೆಮ್ಮನಿಂದ ಮಾತು ಹೇಳಿಸಿದರು. ದನಿ ಕೇಳಿದ್ದೇ ತಡ, ಹಿರಿಯರು ಕ್ಯಾಮೆರಾ ಮುಂದೆಯೇ ಎಡಕ್ಕೆ ಹೊರಳಿ, "ಎಲ್ಲಿ ಕುಂತೀ ಕಸ್ತೂರವ್ವಾ?" ಎಂದು ಹುಡುಕತೊಡಗಿದರು. ದೊಡ್ಡ ಹಲಗೆಯ ಮೇಲೆ ಮಾತು ಬರೆದು ಹಿಡಿದರೆ ಕನ್ನಡಕವಿಲ್ಲದೆ ಕಾಣುವುದಿಲ್ಲ, ಪಾತ್ರಕ್ಕೆ ಕನ್ನಡಕವಿಲ್ಲ. ಹೀಗೆ ನಾಲ್ಕು ಬೆಳಗು ಹಾಳಾದವು. ಲಾಡ್ಜು ಸಿಕ್ಕಿರುವುದು ಇವತ್ತು ಮಧ್ಯಾಹ್ನದವರೆಗೆ ಮಾತ್ರ. ಅದರಲ್ಲೂ ಆರೂಕಾಲಿಗೆ ಬಸ್ಸುಗಳ ಹಾರನ್ನು ಶುರುವಾದರೆ ದನಿ ಹಿಡಿಯುವ ಮಾತೇ ಇಲ್ಲ. ಈ ಬೆಳಗ್ಗೆಯೂ ಆಗದಿದ್ದರೆ ಹನ್ನೊಂದು ನಿಮಿಷದ ಮಾತನ್ನು ನಾಲ್ಕು ಸಾಲಿಗೆ ಇಳಿಸುವುದಾಗಿ ಶಾಂಭವಿ ನಿನ್ನೆ ಸಂಜೆ ಹೇಳಿಬಿಟ್ಟಿದ್ದಾರೆ. ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು.

ಕಸ್ತೂರೆಮ್ಮ ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. "ಆ ಮಾತು ಹೋದ್ರ ನಾಟಕದಾಗ ಏನ್ ಉಳೀತರಿ? ಮೂರು ಕಾಟು ಉಳಿತಾವ, ಅಷ್ಟ!" ಎಂದು ಸಿಡುಕಿ ಎದ್ದು ಹೋದರು. ಹೋದವರು ನೇರ ನಿಂತದ್ದು ಆ ಪೆಟ್ಟಿಗೆಯ ಮುಂದೆ. ಸೆಟ್ಟು ಜೋಡಿಸುವ ಆರ್ಟಿನ ಹುಡುಗರು ಅದರಲ್ಲಿ ಸಾಮಾನನ್ನು ಸಿಕ್ಕಾಪಟ್ಟೆ ತುರುಕಿದ್ದರು. ಬುಟ್ಟಿ ಹೊತ್ತವರ ಮಗಳಿಗೆ ಅದನ್ನು ನೋಡಿ ಮೈ ಉರಿಯಿತು.

"ನಮ್ಮವ್ವ ಸಾಲಿ ಮೆಟ್ಟಿಲ ಹತ್ತಿದಾಕಿ ಅಲ್ರಿ. ಆದ್ರ ಮಾರೋ ಮುಂದ ಒಂದ್ ಮಾತು ತಪ್ಪತಿದ್ದಿಲ್ಲ. ಬುಟ್ಟಿ ತುಂಬೋ ಮುಂದನ ಮಾತೂ ತುಂಬತಿದ್ಲು. ಮ್ಯಾಲೆ ಬಾಚಣಿಕಿ ಇದ್ರ ಮೊದ್ಲು ತಲಿ ಮಾತು. ಅದರ ಬುಡಕ ರಿಬ್ಬನ್ ಇದ್ರ ಆಮ್ಯಾಲ ಮಗಳ ಮಾತು. ಕಡೀಕ ಹೇಳೋದು ಎಲ್ಲಾದಕ್ಕಿಂತ ಕೆಳಗ. ಕೈಗೆ ಏನ್ ಬರತೈತೋ ಬಾಯಿಗೆ ಅದ ಬರತೈತ್ರಿ" ಎಂದು ಈಗ ಖುಷಿಯಿಂದ ವಿವರಿಸುತ್ತಾರೆ.

ನಿನ್ನೆ ಸಂಜೆ ಅವರು ಮಾಡಿದ್ದಿಷ್ಟೇ. ಹನ್ನೊಂದು ನಿಮಿಷದ ಮಾತನ್ನು ಇಪ್ಪತ್ತಾರು ತುಂಡು ಮಾಡಿ, ತುಂಡಿಗೊಂದು ಸಾಮಾನು ಗೊತ್ತುಮಾಡಿದರು. ಕಡೆಯ ಸಾಮಾನು ಮೊದಲು, ಮೊದಲಿನದು ಕಡೆಗೆ, ಹೀಗೆ ಪೆಟ್ಟಿಗೆ ತುಂಬಿದರು. ದೊಡ್ಡಬಸಪ್ಪನವರನ್ನು ಮುಂದೆ ಕೂಡಿಸಿಕೊಂಡು ಹದಿನಾಲ್ಕು ಸಲ ತೆಗೆಸಿ, ಹದಿನಾಲ್ಕು ಸಲ ತುಂಬಿದರು. ಹದಿನಾಲ್ಕನೆಯ ಸಲ ಹಿರಿಯರು ಒಮ್ಮೆಯೂ ಎಡಕ್ಕೆ ನೋಡಲಿಲ್ಲ.

ಈ ಬೆಳಗ್ಗೆ ಐದೂವರೆಗೆ ಮೊದಲ ಪ್ರಯತ್ನ. ಬಾಚಣಿಕೆ ಬಂತು, ಲಾಡಿ ಬಂತು, ರಿಬ್ಬನ್ ಬಂತು. ಅಷ್ಟರಲ್ಲಿ ಛಾವಣಿ ಮೇಲಿನ ನೀರಿನ ಮೋಟರು ಗುರ್ರ್ ಅಂದಿತು! ರವಿಕುಮಾರ ಎರಡೂ ಕೈ ತಲೆ ಮೇಲೆ ಹೊತ್ತ. ಮೋಟರು ಬಂದ್ ಮಾಡಿಸಿ ಬರುವಷ್ಟರಲ್ಲಿ ಐದೂ ಮುಕ್ಕಾಲು ದಾಟಿತು. ಪೆಟ್ಟಿಗೆ ಮತ್ತೆ ತುಂಬಬೇಕು. ಶಾಂಭವಿ ಕೈಹಾಕಲು ಬಂದರೆ ಕಸ್ತೂರೆಮ್ಮ ಗದರಿದರು, "ನೀವು ಸರೀರಿ ಮೇಡಂ, ಇದು ನನ್ನ ಕೆಲಸ!" ಇಪ್ಪತ್ತಾರು ಸಾಮಾನು, ನಾಲ್ಕು ನಿಮಿಷ. ಬೆರಳು ಓಡುವುದನ್ನು ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು.

ಐದು ಐವತ್ತೆಂಟು. ಆಕ್ಷನ್. ದೊಡ್ಡಬಸಪ್ಪ ಮುಚ್ಚಳ ತೆಗೆದು ಬಾಚಣಿಕೆ ಎತ್ತಿ ಹಿಡಿಯುತ್ತಾರೆ. "ಇದು ಮೊದಲ ಮಾಲು. ಬ್ಯಾಡ ಅಂದವರ ಮನ್ಯಾಗೂ ತಲಿ ಇರ್ತಾವ, ಹೌದಿಲ್ಲೋ?" ಮಾತು ಹೊರಟಿತು ನೋಡಿ! ಸಾಮಾನು ಒಂದೊಂದಾಗಿ ಮೇಲೆ ಬರುತ್ತದೆ, ಮಾತು ಅದರ ಬೆನ್ನಿಗೆ ಬರುತ್ತದೆ. ಹತ್ತು, ಹದಿನೈದು, ಇಪ್ಪತ್ತು. ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತ ಕಸ್ತೂರೆಮ್ಮ ಸಂದಿಗೆ ಕಣ್ಣು ಹಚ್ಚಿದ್ದಾರೆ.

ಆಗ ಹಿರಿಯರ ಕೈ ತಪ್ಪುತ್ತದೆ. ಪಿನ್ನಿನ ಗೊಂಚಲು ಬರಬೇಕಾದಲ್ಲಿ ಕನ್ನಡಿ ಬಂದಿದೆ. ದೊಡ್ಡಬಸಪ್ಪ ಗಪ್ಪೆಂದು ನಿಲ್ಲುತ್ತಾರೆ. ಹತ್ತು ಸೆಕೆಂಡು. ಇಪ್ಪತ್ತು. ಪಿನ್ನಿನ ಮಾತಿನ ಮೊದಲ ಎರಡು ಪದ ಕಸ್ತೂರೆಮ್ಮನ ನಾಲಿಗೆ ತುದಿಗೆ ಬಂದು ಕೂತಿವೆ, ಹೊರಗೆ ಜಿಗಿಯುವುದೊಂದೇ ಬಾಕಿ. ಆಡಿದರೆ ಶಾಟು ಹೋಯಿತು, ಆಡದಿದ್ದರೆ ಮಾತು ಹೋಯಿತು! ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚುತ್ತಾರೆ. ಕಣ್ಣಲ್ಲಿ ನೀರು ಬಳಬಳ ಇಳಿಯುತ್ತದೆ.

ಒಳಗೆ ಮುದಿ ವ್ಯಾಪಾರಿ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತಾನೆ. ಗಲ್ಲದ ಬಿಳಿ ಕೂದಲು ಸವರಿಕೊಳ್ಳುತ್ತಾನೆ. ಆಮೇಲೆ ಕನ್ನಡಿಯನ್ನು ನಿಧಾನ ಪೆಟ್ಟಿಗೆಯೊಳಗೆ ಇಟ್ಟು, "ನಿನ್ನ ಪಾಳಿ ಇನ್ನಾ ಬಂದಿಲ್ಲಪ್ಪಾ, ಸ್ವಲ್ಪ ತಡಿ" ಎಂದು ಸಣ್ಣಗೆ ನಗುತ್ತಾನೆ. ಪಿನ್ನಿನ ಗೊಂಚಲು ಮೇಲೆ ಬರುತ್ತದೆ. ಪಿನ್ನಿನ ಮಾತೂ ಬರುತ್ತದೆ. ಕನ್ನಡಿ, ಕುಂಕುಮದ ಡಬ್ಬಿ, ಕೊನೆಗೆ ಖಾಲಿ ಚೀಲ. ಚೀಲ ಝಾಡಿಸಿ ಹೆಗಲಿಗೆ ಹಾಕಿಕೊಂಡು ವ್ಯಾಪಾರಿ ಹೊರಡುತ್ತಾನೆ.

"ಕಟ್" ಎನ್ನುತ್ತಾರೆ ಶಾಂಭವಿ. ರವಿಕುಮಾರ ಹೆಬ್ಬೆರಳು ಎತ್ತುತ್ತಾನೆ. ಐದು ನಿಮಿಷ ಕಳೆಯುವುದರೊಳಗೆ ಕೆಳಗೆ ಮೊದಲ ಬಸ್ಸು ಪೋಂ ಎಂದು ಒದರುತ್ತದೆ. ಲಾಡ್ಜಿನ ತುಂಬ ಕೇಕೆ, ಸಿಳ್ಳೆ! ಲೈಟಿನ ಹುಡುಗರು ದೊಡ್ಡಬಸಪ್ಪನವರನ್ನು ಕಾಟಿನ ಮೇಲೆ ಕೂಡಿಸಿ ಎತ್ತುತ್ತಾರೆ.

"ಪುಸ್ತಕದಾಗ ಇಲ್ಲದ ಮಾತು ಅಂದಾರ್ರಿ!" ಎಂದು ಕಸ್ತೂರೆಮ್ಮ ಮೂಗೊರೆಸಿಕೊಳ್ಳುತ್ತಾ ಶಾಂಭವಿಗೆ ದೂರುತ್ತಾರೆ. "ಅದನ್ನ ತಗೀಬ್ಯಾಡ್ರಿ ಮತ್ತ, ಇರಲಿ."

ಎತ್ತಿದವರ ಕೈಯಿಂದ ಬಿಡಿಸಿಕೊಂಡ ದೊಡ್ಡಬಸಪ್ಪ ಬಾಗಿಲಿಗೆ ಬರುತ್ತಾರೆ. ಪ್ರತಿ ಪ್ರಯೋಗ ಮುಗಿದಾಗಲೂ ಬಣ್ಣ ಒರೆಸುವ ಮೊದಲು ಅವರು ಕೇಳುವ ಪ್ರಶ್ನೆ ಒಂದಿದೆ. ಇವತ್ತೂ ಅದನ್ನೇ ಕೇಳುತ್ತಾರೆ.

"ಕಸ್ತೂರವ್ವಾ, ಎಲ್ಲೆಲ್ಲಿ ತಪ್ಪಿದೆ ಹೇಳವಾ."

ಪುಟದ ಸಮೇತ ತಪ್ಪು ಎಣಿಸಿ ಹೇಳುವ ಹೆಂಗಸು ಇವತ್ತು ತಲೆ ಅಲ್ಲಾಡಿಸುತ್ತಾರೆ.

"ನನಗ ಗೊತ್ತಾಗಲಿಲ್ಲ ಅಣ್ಣಾರ. ಕೈಯಾಗ ಪುಸ್ತಕ ಇದ್ದಿಲ್ಲ. ನಿಮ್ಮ ಮಾರೀನ ನೋಡಕೋಂತ ಕುಂತಿದ್ದೆ."

ಸೆರಗು ಸರಿಮಾಡಿಕೊಂಡು, ಜಗಳಕ್ಕೆ ಬಂದವರಂತೆ ಹೇಳುತ್ತಾರೆ:

"ಇಪ್ಪತ್ತೆರಡು ವರ್ಷ ಆತು. ನೀವು ಇಷ್ಟು ಛಲೋ ಮಾಡ್ತೀರಿ ಅಂತ ಒಬ್ಬರೂ ನನಗ ಹೇಳಿದ್ದಿಲ್ಲ ನೋಡ್ರಿ."