ಬಡಗು ಗೋಡೆಯ ಮೇಸ್ತ್ರಿ

ಒಂದು ಚಿಟಿಕೆ ಹೊಯಿಗೆ, ಗಾರೆಗೆ ಬೆರೆಸುವ ಮರಳು. ಅದನ್ನು ಎಡಗೈಯ ಎರಡು ಬೆರಳುಗಳ ನಡುವೆ ಉಜ್ಜಿ, ನಾಲಗೆಯ ತುದಿಗೆ ಇಟ್ಟುಕೊಂಡು, ಅವರು ಕಣ್ಣು ಮುಚ್ಚುತ್ತಿದ್ದರು. ಬಲಗೈಯಲ್ಲಿ ಕರಣೆ ಇರುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಪಕ್ಕಕ್ಕೆ ತಿರುಗಿ ಉಗುಳಿ, "ಆಗ್ತದೆ" ಎನ್ನುತ್ತಿದ್ದರು. ಇಲ್ಲದಿದ್ದರೆ, "ಬೇಡ, ಕೊಂಡುಹೋಗಲಿ." ಮೂರನೆಯ ಮಾತು ಇರುತ್ತಿರಲಿಲ್ಲ. ನಮ್ಮ ಕಡಲ ಬದಿಯಲ್ಲಿ ಹೊಯಿಗೆಗೆ ಉಪ್ಪು ಸೇರುವುದು ಸುಲಭ. ಉಪ್ಪು ಸೇರಿದ ಗಾರೆ ಗೋಡೆಯಲ್ಲಿ ನಿಲ್ಲುವುದಿಲ್ಲ. ಹೊಯಿಗೆ ಬರುವ ದಿನ ಬೆಳಗ್ಗಿನಿಂದ ಅವರು ವೀಳ್ಯ ಹಾಕುತ್ತಿರಲಿಲ್ಲ. ಲಾರಿ ತಡವಾದರೆ ಡ್ರೈವರನಿಗೆ ಬೈಗುಳ ಬೀಳುತ್ತಿದ್ದದ್ದು ಕೆಲಸ ನಿಂತದ್ದಕ್ಕಲ್ಲ, ವೀಳ್ಯ ನಿಂತದ್ದಕ್ಕೆ.

ಅವರು ಎರ್ಮಾಳಿನವರು, ಕೆಂಪು ಜಂಬಿಟ್ಟಿಗೆಯ ಮುರಕಲ್ಲು ಕಟ್ಟುವ, ಸುಣ್ಣದ ಗಾರೆ ಅರೆಯುವ ಮೇಸ್ತ್ರಿ. ನಾನು ಅವರನ್ನು ಕರೆದದ್ದು ಯಾವಾಗಲೂ ಮೇಸ್ತ್ರಿಗಳೇ ಎಂದು. ಅವರ ಹೆಸರು ನನಗೆ ಗೊತ್ತಿತ್ತು, ಬಳಸುವ ಸಂದರ್ಭ ಬರಲಿಲ್ಲ.

ಮಣಿಪಾಲದಲ್ಲಿ ವಾಸ್ತುಶಿಲ್ಪದ ಮೂರನೆಯ ವರ್ಷದಲ್ಲಿದ್ದಾಗ, ಹಳೆಯ ಕಟ್ಟಡವೊಂದನ್ನು ಅಳೆದು ನಕ್ಷೆ ಬರೆಯುವ ಕೆಲಸ ಕೊಟ್ಟಿದ್ದರು. ಕಾಪುವಿನಿಂದ ಒಳಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ವಾಚನಾಲಯವಿತ್ತು. ದಪ್ಪ ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮೂರು ಕಡೆ ಜಗಲಿ. ಬಸ್ಸಿನ ನಿಲ್ದಾಣಕ್ಕೂ ಅದೇ ಹೆಸರು. ನಾನು ಅದನ್ನು ಆರಿಸಿಕೊಂಡದ್ದು ಅಲ್ಲಿ ಜನ ಕಡಿಮೆ, ಯಾರೊಡನೆಯೂ ಮಾತಾಡಬೇಕಾಗಿಲ್ಲ ಎಂಬ ಕಾರಣಕ್ಕೆ.

ಆ ದಿನ ಅವರು ಮೆಟ್ಟಿಲಿನ ಒಂದು ಕಲ್ಲು ಬದಲಿಸುತ್ತಿದ್ದರು. ನಾನು ಟೇಪು ಹಿಡಿದು ಗೋಡೆಯ ದಪ್ಪ ಬರೆದುಕೊಳ್ಳುವುದನ್ನು ತುಂಬ ಹೊತ್ತು ನೋಡಿದರು.

"ದಪ್ಪ ಎಷ್ಟು ಅಂತ ಬರೆದಾಯ್ತಾ?"

"ಹೌದು."

"ಒಳಗೆ ಎಂತ ಉಂಟು ಅಂತ?"

ಅವರು ಎದ್ದು ಬಂದು, ಕರಣೆಯ ಹಿಡಿಯಿಂದ ಗೋಡೆಗೆ ಮೂರು ಕಡೆ ತಟ್ಟಿದರು. ಎರಡು ಕಡೆ ಗಟ್ಟಿ ಸದ್ದು. ಒಂದು ಕಡೆ ಖಾಲಿ ಡಬ್ಬದ ಸದ್ದು. "ಇದನ್ನು ನಿಮ್ಮ ಕಾಗದದಲ್ಲಿ ಬರೆಯುವುದು ಹೇಗೆ ಮಾರಾಯ್ತಿ?" ಎಂದು ನಕ್ಕು ಮತ್ತೆ ಮೆಟ್ಟಿಲಿಗೆ ಹೋದರು. ನಾನು ಆ ಸದ್ದನ್ನು ನಕ್ಷೆಯಲ್ಲಿ ಚುಕ್ಕಿಗಳಿಂದ ಗುರುತಿಸಿದೆ. ಕಾಲೇಜಿನಲ್ಲಿ ಯಾರೂ ಅದರ ಬಗ್ಗೆ ಕೇಳಲಿಲ್ಲ.

ಅದಾದ ಮೇಲೆ ರಜೆ ಸಿಕ್ಕಾಗಲೆಲ್ಲ ಅವರು ಕೆಲಸ ಮಾಡುವಲ್ಲಿಗೆ ಹೋಗತೊಡಗಿದೆ. ಕಟಪಾಡಿಯಲ್ಲಿ ಬಸ್ಸಿಳಿದು ಅವರಿಗೆ ಫೋನು ಮಾಡಿದರೆ, ಎಲ್ಲಿದ್ದೇನೆ ಎಂದು ಹೇಳುತ್ತಿದ್ದರು. ಎಲ್ಲೂರಿನ ಯಾರದೋ ಕೊಟ್ಟಿಗೆ, ಕಾರ್ಕಳದ ಬದಿಯ ಒಂದು ಆವರಣ ಗೋಡೆ. ಸುಣ್ಣದ ಕೆಲಸ ವರ್ಷಕ್ಕೊಮ್ಮೆ ಸಿಕ್ಕಿದರೆ ಹೆಚ್ಚು. ಸಿಕ್ಕಿದಾಗ ಚಿಪ್ಪಿನ ಸುಣ್ಣವನ್ನು ಗುಂಡಿಯಲ್ಲಿ ನೆನೆಹಾಕಿ, ದಿನಗಟ್ಟಲೆ ಕಾದು, ಬೆಲ್ಲದ ನೀರು ಬೆರೆಸಿ ಅರೆಯುತ್ತಿದ್ದರು. ಮನೆಯವರು ಅವಸರ ಮಾಡಿದರೆ, "ನಿಮಗೆ ಮನೆ ಒಕ್ಕಲಿಗೆ ಮುಹೂರ್ತ ಉಂಟು, ಸುಣ್ಣಕ್ಕೆ ಇಲ್ಲ ಅಲ್ವಾ" ಎನ್ನುತ್ತಿದ್ದರು.

ಅವರ ಜೊತೆಗೆ ಬಾಗಲಕೋಟೆ ಕಡೆಯ ಗಾರೆ ಕೆಲಸದವರೊಬ್ಬರು ಇದ್ದರು. ನಲವತ್ತು ದಾಟಿದವರು, ಹೆಂಡತಿ ಮಕ್ಕಳೊಂದಿಗೆ ಕಾಪುವಿನಲ್ಲೇ ನೆಲೆಸಿದವರು. ಮೇಸ್ತ್ರಿಗಳು ಹೊಯಿಗೆ ಬಾಯಿಗಿಟ್ಟ ಕೂಡಲೇ ಅವರು ಕೇಳುತ್ತಿದ್ದರು, "ಉಪ್ಪು ಹತ್ತಿತೇನ್ರಿ ಮೇಸ್ತ್ರಿ? ಹತ್ತಿದ್ರ ಒಂದೀಟು ಸಾರಿಗೆ ಒಯ್ತೀನಿ."

"ನಿನ್ನ ಸಾರಿಗೆ ಹೊಯಿಗೆ ಹಾಕಿದರೂ ರುಚಿ ಬದಲಾಗಲಿಕ್ಕಿಲ್ಲ ಮಾರಾಯ."

ದಿನವೂ ಇದೇ ಮಾತು. ಇಬ್ಬರೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ನಾನು ಓದು ಮುಗಿಸಿ ಉಡುಪಿಯ ಒಂದು ಸಣ್ಣ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ವಾಚನಾಲಯವನ್ನು ಕೆಡವುವ ಸುದ್ದಿ ಬಂತು. ಅದರ ಜಾಗದಲ್ಲಿ ಹಸಿರು ಕಟ್ಟಡ ಬರುತ್ತದೆ ಎಂದರು. ಗಾಜಿನ ಮುಖ, ಮಾಡಿನ ಮೇಲೆ ಸೌರ ಫಲಕ, ಮಳೆನೀರಿನ ತೊಟ್ಟಿ. ಪರಿಸರಸ್ನೇಹಿ ಎಂಬ ಪ್ರಮಾಣಪತ್ರವೂ ಸಿಗುತ್ತದಂತೆ. ಹಳೆಯದನ್ನೇ ಸರಿಪಡಿಸಬಹುದು ಎಂದು ನಾವು ಐದಾರು ಜನ ಪಂಚಾಯತಿಗೆ ಮನವಿ ಕೊಟ್ಟೆವು. ಇರುವ ಕಲ್ಲನ್ನು ಎಸೆದು ದೂರದಿಂದ ಸಿಮೆಂಟು, ಕಬ್ಬಿಣ, ಗಾಜು ತರುವುದರಲ್ಲಿ ಪರಿಸರಕ್ಕೆ ಏನು ಉಳಿತಾಯ ಎಂದು ವರದಿ ಬರೆದವಳು ನಾನು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಹಿಂದೆ ಯಾರೋ ಅವೈಜ್ಞಾನಿಕವಾಗಿ ಹಾಕಿದ ಸಿಮೆಂಟ್ ಸಾರಣೆಯನ್ನು ತೆಗೆದು ಸುಣ್ಣದ ಸಾರಣೆ ಮಾಡಿದರೆ ಸಾಕು.

ವರದಿಗೆ ಮೊದಲು ಮೇಸ್ತ್ರಿಗಳು ಬಂದು ನಾಲ್ಕೂ ಗೋಡೆಗಳನ್ನು ತಟ್ಟಿ ನೋಡಿದ್ದರು. ಮೂರಕ್ಕೆ ಬೇಗ ಮುಗಿಯಿತು. ಜಗಲಿಯಿಲ್ಲದ ಉತ್ತರದ ಬದಿಯ ಬಡಗು ಗೋಡೆಯ ಎದುರು ಬಹಳ ಹೊತ್ತು ನಿಂತರು. ಕಿವಿ ಹಚ್ಚಿದರು. ಅಂಗೈ ಇಟ್ಟರು. ಹಿಂದೆ ಅವರು ತಟ್ಟಿ ತೋರಿಸಿದ ಡಬ್ಬದ ಸದ್ದು ಆ ಗೋಡೆಯದೇ ಎಂದು ನನಗೆ ನೆನಪಿತ್ತು. ಆದರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಸಾರ್ವಜನಿಕ ಸಭೆ ಆ ವಾಚನಾಲಯದ ಒಳಗೇ ನಡೆಯಿತು. ಬೇಸಿಗೆಯ ಮಧ್ಯಾಹ್ನ. ಜಗಲಿಯವರೆಗೆ ಜನ. ಪಂಚಾಯತಿಯ ಎಂಜಿನಿಯರ್ ಹೊಸ ಕಟ್ಟಡದ ಬಣ್ಣದ ಚಿತ್ರವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ತೋರಿಸಿದರು. ನಿವೃತ್ತ ಶಿಕ್ಷಕಿಯೊಬ್ಬರು ಎದ್ದು, "ನಾನು ಅಕ್ಷರ ಕಲಿತದ್ದು ಈ ಜಗಲಿಯಲ್ಲಿ" ಎಂದರು.

ಹಿಂದಿನಿಂದ ಒಬ್ಬ ಯುವಕ, "ಟೀಚರ್, ನಮಗೆ ಪರೀಕ್ಷೆಗೆ ಓದಲಿಕ್ಕೆ ಇಂಟರ್ನೆಟ್ ಬೇಕು. ಹಂಚು ನೋಡಿಕೊಂಡು ಕೂತರೆ ಕೆಲಸ ಸಿಗ್ತದಾ?" ಎಂದ. ಚಪ್ಪಾಳೆ ಬಿತ್ತು. ಅವನು ಹೇಳಿದ್ದು ತಪ್ಪೆಂದು ನನಗೂ ಅನಿಸಲಿಲ್ಲ. ಹಂಚಿನ ಕೆಳಗೂ ಇಂಟರ್ನೆಟ್ ಬರುತ್ತದೆ ಎಂದು ಹೇಳಬಹುದಿತ್ತು.

ನಡುವೆ ಕರೆಂಟು ಹೋಯಿತು. ಗೋಡೆಯ ಮೇಲಿನ ಗಾಜಿನ ಕಟ್ಟಡ ಮಾಯವಾಯಿತು, ಮೈಕು ನಿಂತಿತು, ಮಾತು ಮಾತ್ರ ನಿಲ್ಲಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮೇಸ್ತ್ರಿಗಳು ಗದ್ದ ಎತ್ತಿ ಮೇಲಕ್ಕೆ ತೋರಿಸಿದರು. ಫ್ಯಾನುಗಳು ನಿಂತಿದ್ದವು. ಅಷ್ಟು ಜನರಲ್ಲಿ ಒಬ್ಬರೂ ಬೆವರು ಒರೆಸಿಕೊಳ್ಳುತ್ತಿರಲಿಲ್ಲ. "ನೋಡಿದೆಯಾ ಮಗಾ?" ಎಂದು ಪಿಸುಗುಟ್ಟಿದರು. ನಾನು ತಲೆಯಾಡಿಸಿದೆ. ಅದನ್ನು ಎದ್ದು ಹೇಳುವುದು ನನ್ನ ಕೆಲಸವೆಂದು ಆಗ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಏಳಲಿಲ್ಲ.

ಪಂಚಾಯತಿ ಅಧ್ಯಕ್ಷರು ನನ್ನ ವರದಿ ತಿರುವಿ, "ಗೋಡೆ ಗಟ್ಟಿ ಉಂಟು ಅಂತ ಬರೆದಿದ್ದೀರಿ. ನೋಡಿದ ಮೇಸ್ತ್ರಿ ಬಂದಿದ್ದಾರಾ?" ಎಂದರು.

ಮೇಸ್ತ್ರಿಗಳು ಎದ್ದು ನಿಂತರು. ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

ಎಂಜಿನಿಯರ್ ಸೌಜನ್ಯದಿಂದಲೇ ಕೇಳಿದರು, "ಮೇಸ್ತ್ರಿಗಳೇ, ನಾಳೆ ಮಕ್ಕಳು ಬಂದು ಇಲ್ಲಿ ಕೂರ್ತಾರೆ. ನಾಲ್ಕೂ ಗೋಡೆ ಗಟ್ಟಿ ಅಂತ ನೀವು ಹೇಳ್ತೀರಾ?"

"ಇಲ್ಲ. ಬಡಗು ಗೋಡೆ ಸತ್ತಿದೆ."

ಸಭೆಯ ತಲೆಗಳೆಲ್ಲ ಆ ಗೋಡೆಯ ಕಡೆ ತಿರುಗಿದವು.

"ಕೊಂದದ್ದು ನಾನೇ," ಎಂದರು. "ಆಗ ಸಿಮೆಂಟು ಹೊಸತು. ಸುಣ್ಣವೇ ಇರಲಿ ಅಂತ ಹಿರಿಯರು ಹೇಳಿದ್ದರು. ನನಗೆ ಸಿಮೆಂಟಿನ ಹುಚ್ಚು. ಮಳೆ ಹೊಡೆಯುವ ಗೋಡೆ, ಸಿಮೆಂಟ್ ಸಾರಣೆ ಮಾಡಿದರೆ ನೂರು ವರ್ಷ ಅಂತ ಹಟ ಮಾಡಿ ಮಾಡಿದೆ. ಮುರಕಲ್ಲು ಕುಡಿದ ನೀರು ಹೊರಗೆ ಹೋಗಲಿಕ್ಕೆ ದಾರಿ ಇಲ್ಲದೆ ಒಳಗೇ ಕೊಳೆಯಿತು. ಆ ಕೆಲಸಕ್ಕೆ ನನಗೆ ಶಾಲು ಹೊದೆಸಿದ್ದು ಇದೇ ಜಾಗದಲ್ಲಿ."

ಯಾರೋ ನಕ್ಕರು. "ನಿಮ್ಮ ಸಾಕ್ಷಿಯೇ ಹೇಳಿದ ಮೇಲೆ ಮತ್ತೆಂತ ಮಾರಾಯ್ರೆ!" ಎಂದು ಜಗಲಿಯಿಂದ ಕೂಗು ಬಂತು. ಕುರ್ಚಿಗಳು ಸರಿದವು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮೇಸ್ತ್ರಿಗಳು ಇನ್ನೂ ನಿಂತೇ ಇದ್ದರು, ಮಾತಾಡುತ್ತಲೇ ಇದ್ದರು. ಮೈಕಿಲ್ಲದ ಅವರ ದನಿ ನನಗೆ ಮಾತ್ರ ಕೇಳುತ್ತಿತ್ತು.

"ಅದೊಂದನ್ನು ಬಿಚ್ಚಿ ಹೊಸ ಕಲ್ಲಿನಲ್ಲಿ ಕಟ್ಟಿದರೆ ಸಾಕು. ಉಳಿದ ಮೂರಕ್ಕೆ ಎಂತದೂ ಆಗಿಲ್ಲ. ನಾನೇ ಕಟ್ಟಿ ಕೊಡ್ತೇನೆ. ಕೂಲಿ ಬೇಡ. ಕೈಯಲ್ಲಿ ಆಗುವಾಗಲೇ ಕಟ್ಟಿ ಕೊಡ್ತೇನೆ."

ಎರಡು ಸಲ ಹೇಳಿದರು. ಎರಡನೆಯ ಸಲ ನನ್ನ ಕಡೆ ನೋಡಿದರು. ನನ್ನ ಮಡಿಲಲ್ಲಿ ವರದಿಯ ಪ್ರತಿ ಇತ್ತು. ಎದ್ದು ಆ ಮಾತನ್ನು ಜೋರಾಗಿ ಹೇಳುವುದಕ್ಕೆ ಬೇಕಾಗಿದ್ದದ್ದು ಹತ್ತು ಕ್ಷಣ. ನಾನು ವರದಿಯ ಅಂಚನ್ನು ಮಡಚುತ್ತಾ ಕುಳಿತಿದ್ದೆ. ಅಷ್ಟರಲ್ಲಿ ಅಧ್ಯಕ್ಷರು ಎದ್ದು ಕೈ ಮುಗಿದರು. ನಡಾವಳಿಯಲ್ಲಿ ಬರೆದದ್ದು ಇಷ್ಟು: ಗೋಡೆ ಸುರಕ್ಷಿತವಲ್ಲವೆಂದು ಮೇಸ್ತ್ರಿಯೇ ಒಪ್ಪಿರುತ್ತಾರೆ.

ಬಸ್ಸಿಗೆ ಕಾಯುವಾಗ ಅವರು ವೀಳ್ಯ ಮಡಚಿದರು.

"ಹಂಚು ಎಂತ ಮಾಡ್ತಾರಂತೆ?"

"ಗೊತ್ತಿಲ್ಲ."

"ಕೇಳಬೇಕಿತ್ತು," ಎಂದರು. ಹಂಚಿನ ಬಗ್ಗೆ ಮಾತ್ರ ಹೇಳಿದ್ದೆಂದು ನಂಬಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ.

ಆಮೇಲೆ ನಾನು ಪಂಚಾಯತಿಗೆ ಒಂದು ಪತ್ರ ಬರೆದೆ. ಅವರು ಹೇಳಿದ ಉಳಿದ ಮಾತನ್ನೆಲ್ಲ ಅದರಲ್ಲಿ ಸೇರಿಸಿದೆ. ಉತ್ತರ ಬರಲಿಲ್ಲ. ಮಳೆಗೆ ಮೊದಲು ಯಂತ್ರ ಬಂತು. ಮೇಸ್ತ್ರಿಗಳು ಎದುರಿನ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಬಾಗಲಕೋಟೆಯವರು ಅವರ ಪಕ್ಕ ನಿಂತು, "ನಡೀರಿ ಮೇಸ್ತ್ರಿ, ಮನೀಗೆ ಹೋಗೂಣು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಬಡಗು ಗೋಡೆ ಒಂದೇ ನೂಕಿಗೆ ಕುಸಿಯಿತು. ಉಳಿದ ಮೂರಕ್ಕೆ ಸಂಜೆಯವರೆಗೆ ಹಿಡಿಯಿತು. ಯಂತ್ರ ಹಿಂದೆ ಸರಿದು ಮತ್ತೆ ಮತ್ತೆ ಬರುವುದನ್ನು ಜನ ಮೊಬೈಲಿನಲ್ಲಿ ಚಿತ್ರೀಕರಿಸಿದರು. ನಿಲ್ಲುವ ಗೋಡೆ ಯಾವುದು ಎಂದು ಹೇಳಿದವರೊಬ್ಬರು ಅಲ್ಲೇ ಕುಳಿತಿದ್ದಾರೆಂದು ಯಾರಿಗೂ ನೆನಪಿರಲಿಲ್ಲ. ಕಲ್ಲುಗಳು ಹೆದ್ದಾರಿಯ ಬದಿಯ ಒಂದು ತಗ್ಗು ಜಾಗ ತುಂಬಿಸಲು ಹೋದವು.

ಹೊಸ ಕಟ್ಟಡ ಈಗ ಎದ್ದಿದೆ. ಮುಂಭಾಗದಲ್ಲಿ ಗಾಜಿನ ನಡುವೆ ಮುರಕಲ್ಲಿನ ತೆಳು ಹಾಳೆಗಳನ್ನು ಅಂಟಿಸಿದ್ದಾರೆ, ಪರಂಪರೆಯ ನೆನಪಿಗೆಂದು. ಬಾಗಿಲು ಮುಚ್ಚಿ ಏಸಿ ಹಾಕದಿದ್ದರೆ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ.

ಮೇಸ್ತ್ರಿಗಳು ಆಮೇಲೆ ಕೆಲಸಕ್ಕೆ ಹೋಗಲಿಲ್ಲ. ಎರಡು ಸಲ ನೋಡಲು ಹೋಗಿದ್ದೆ. ವಾಚನಾಲಯದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದುಕೊಂಡೇ ಎರಡು ಸಲವೂ ಹೋಗಿದ್ದೆ. ಮೂರನೆಯ ಸಲ ಹೋಗುವ ಮೊದಲು, ಒಂದು ಮಧ್ಯಾಹ್ನ ಬಾಗಲಕೋಟೆಯವರ ಫೋನು ಬಂತು. "ಮೇಡಂ, ಮೇಸ್ತ್ರಿ ಹೋಗಿಬಿಟ್ರು ರೀ."

ಎರ್ಮಾಳಿನ ಅವರ ಮನೆಯಲ್ಲಿ, ಗಂಡಸರೆಲ್ಲ ಅವರನ್ನು ಹೊತ್ತು ಹೋದ ಮೇಲೆ, ನಾನು ಗೋಡೆಗೆ ಒರಗಿ ಕುಳಿತೆ. ಬೆನ್ನಿಗೆ ತಣ್ಣಗಾಯಿತು. ತಿರುಗಿ ನೋಡಿದರೆ ಸಿಮೆಂಟ್ ಸಾರಣೆ ಉಬ್ಬಿ, ಅದರ ಬಿರುಕಿನಿಂದ ಕೆಂಪು ಪುಡಿ ಉದುರುತ್ತಿತ್ತು. ಅದನ್ನು ಹಾಕಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಬದಲಿಸಲು ಅವರಿಗೆ ಬಿಡುವಾಗಿರಲಿಲ್ಲ, ಅಷ್ಟೇ.

ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಊಟಕ್ಕೆ ಕೂತು ಒಂದು ದಿನ ಉಪ್ಪು ಹೆಚ್ಚಾಯ್ತು, ಕಡಿಮೆ ಆಯ್ತು ಅಂತ ಹೇಳಿದ ಜನ ಅಲ್ಲ ಮಗಾ. ಹಾಕಿದ್ದನ್ನು ತಿಂದು ಏಳುವುದು. ಹೊಯಿಗೆಗೆ ಮಾತ್ರ ಲೋಕದವರ ಹತ್ತಿರ ಜಗಳ" ಎಂದರು. ಹೇಳುತ್ತಾ ನಕ್ಕರು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮರುದಿನ ಬೆಳಗ್ಗೆ ನಮ್ಮ ಕಚೇರಿಯ ಕಾಪು ಸೈಟಿಗೆ ಹೋದೆ. ತಾರಸಿಗೆ ಕಾಂಕ್ರೀಟು ಹಾಕುವ ದಿನ. ಹೊಯಿಗೆಯ ಲಾರಿ ಬಂದು ನಿಂತಿತ್ತು. ಕೆಲಸಕ್ಕೆ ಬಾಗಲಕೋಟೆಯವರೂ ಬಂದಿದ್ದರು. ನಾನು ಲಾರಿಯ ಹಿಂದೆ ಹೋಗಿ ಒಂದು ಚಿಟಿಕೆ ತೆಗೆದು, ಎಡಗೈಯಲ್ಲಿ ಉಜ್ಜಿ, ನಾಲಗೆಗೆ ಇಟ್ಟುಕೊಂಡೆ.

"ಉಪ್ಪು ಹತ್ತಿತೇನ್ರಿ?" ಎಂದರು ಅವರು. ಈ ಸಲ ನಗಲಿಲ್ಲ.

"ಹತ್ತಿತು."

ಕಂಟ್ರಾಕ್ಟರ್ ಬಂದು, "ಮೇಡಂ, ನದಿಯ ಹೊಯಿಗೆಯೇ. ಎಂತ ನೀವು, ಬಾಯಿಗೆಲ್ಲ ಹಾಕುವುದು?" ಎಂದ. ವಾಪಸು ಕಳಿಸಿ ಎಂದೆ. ಅವನು ನನ್ನ ಕಚೇರಿಗೆ ಫೋನು ಮಾಡಿ, ಎರಡು ಮಾತಾಡಿ, ಫೋನನ್ನು ಜೇಬಿಗಿಟ್ಟು ಸುರಿಯಲು ಡ್ರೈವರನಿಗೆ ಕೈ ಬೀಸಿದ. ಲಾರಿಯ ಎಂಜಿನ್ ಮೊರೆಯತೊಡಗಿತು. ನಾನು ಅದಕ್ಕಿಂತ ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ: ಈ ಹೊಯಿಗೆಯಲ್ಲಿ ಉಪ್ಪಿದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ತಾರಸಿ ಬಿರುಕು ಬಿಡುತ್ತದೆ, ಬೇರೆ ಹೊಯಿಗೆ ತರಿಸಿದರೆ ಒಂದು ದಿನ ತಡವಾಗುತ್ತದೆ, ಅಷ್ಟೇ. ಮಾತನ್ನು ಕೊನೆಯವರೆಗೆ ಹೇಳಿದೆ. ಅದು ಮುಗಿಯುವಾಗ ಲಾರಿಯ ಹೊಯಿಗೆ ಪೂರ್ತಿ ಸುರಿದಾಗಿತ್ತು.